ಬೆಟ್ಟ ಕಂಡಿತು, ಆ್ಯಪ್ ಕಾಣಲಿಲ್ಲ: ಏಜೆಂಟಿಗೆ ಸ್ಕ್ರೀನ್‌ಶಾಟ್ ಟೂಲಿನ ಡಾಕ್ಯುಮೆಂಟ್ ಬರೆದ ಕತೆ

"ಸರ್, ಆ್ಯಪ್ ಓಪನ್ನೇ ಆಗ್ತಿಲ್ವಂತೆ, ಸ್ವಲ್ಪ ಬನ್ನಿ."

ಹೋಗಿ ನೋಡಿದೆ. ಸಹೋದ್ಯೋಗಿಯ ಲ್ಯಾಪ್‌ಟಾಪ್‌ನಲ್ಲಿ ಆ್ಯಪ್ ಚೆನ್ನಾಗೇ ಓಪನ್ ಆಗಿತ್ತು. ಒಂದಲ್ಲ, ಐದು ಕಿಟಕಿ ಒಂದರ ಮೇಲೊಂದು ಕೂತಿದ್ದವು.

"ಓಪನ್ ಆಗಿದೆಯಲ್ರೀ. ಆಗ್ತಿಲ್ಲ ಅಂತ ಯಾರು ಹೇಳಿದ್ದು?"

"ಏಜೆಂಟ್ ಹೇಳ್ತಿದೆ ಸರ್. ಸ್ಟಾರ್ಟಪ್ ಕೋಡೇ ಸರಿ ಇಲ್ವಂತೆ. ಆಗಲೇ ಮೂರು ಫೈಲ್ ಬದಲಾಯಿಸಿದೆ."

ಈ ಬರಹ ಆ ಮೂರು ಫೈಲುಗಳ ಬಗ್ಗೆ. ಅಂದರೆ, ಅವು ಬದಲಾಗಲು ಕಾರಣವಾದ, ಕೋಡ್ ಬರೆಯುವ ಎಐ ಏಜೆಂಟಿಗೆ ಸ್ಕ್ರೀನ್‌ಶಾಟ್ ಟೂಲ್ ಬಳಸಲು ಹೇಳಿಕೊಡುವ ನನ್ನ ಡಾಕ್ಯುಮೆಂಟ್ ಬಗ್ಗೆ. ಏಜೆಂಟಿನ ತಪ್ಪು ಅದರಲ್ಲಿ ಕಮ್ಮಿ, ನಾನು ಬರೆದದ್ದರ ತಪ್ಪು ಜಾಸ್ತಿ.

ಮೊದಲು ಹಿನ್ನೆಲೆ ಹೇಳಿಬಿಡುತ್ತೇನೆ. ನಮ್ಮದು ಚಿಕ್ಕ ತಂಡ. ಕಿರಾಣಿ ಅಂಗಡಿಗಳಿಗೆ ಕನ್ನಡದಲ್ಲೇ ಬಿಲ್ ಹಾಕುವ ಡೆಸ್ಕ್‌ಟಾಪ್ ಆ್ಯಪ್ ಮಾಡುತ್ತೇವೆ, ಎಲೆಕ್ಟ್ರಾನ್‌ನಲ್ಲಿ (ವೆಬ್ ಪುಟದ ಕೋಡಿನಿಂದಲೇ ಡೆಸ್ಕ್‌ಟಾಪ್ ಆ್ಯಪ್ ಮಾಡುವ ಸಲಕರಣೆ). ಅಂಗಡಿಯವರು ವಿಂಡೋಸ್ ಬಳಸುತ್ತಾರೆ, ನಾವೆಲ್ಲ ಮ್ಯಾಕ್‌ನಲ್ಲಿ ಕೆಲಸ ಮಾಡುತ್ತೇವೆ. ಕೋಡ್ ಬರೆಯುವ ಏಜೆಂಟ್‌ಗಳನ್ನು ಬಳಸಲು ಶುರು ಮಾಡಿದ ಮೇಲೆ ಒಂದು ಕೊರತೆ ಕಾಣಿಸಿತು. ಏಜೆಂಟ್ ಕೋಡ್ ಓದುತ್ತದೆ, ಬದಲಾಯಿಸುತ್ತದೆ, ಟೆಸ್ಟ್ ಓಡಿಸುತ್ತದೆ, ಆದರೆ ಪರದೆ ಮೇಲೆ ಏನು ಕಾಣುತ್ತಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಇಂಗ್ಲಿಷ್ ಆ್ಯಪ್ ಆಗಿದ್ದರೆ ಹೇಗೋ ನಡೆಯುತ್ತಿತ್ತೇನೋ. ಕನ್ನಡದಲ್ಲಿ ನಡೆಯುವುದಿಲ್ಲ, ಯಾಕೆಂದರೆ ಒತ್ತಕ್ಷರ.

"ರದ್ದು" ಅನ್ನುವ ಬಟನ್ ತೆಗೆದುಕೊಳ್ಳಿ. ಯೂನಿಕೋಡ್ ಲೆಕ್ಕದಲ್ಲಿ ಐದು ತುಂಡು: ರ, ದ, ವಿರಾಮ, ಇನ್ನೊಂದು ದ, ಉಕಾರ. ಕೋಡಿನಲ್ಲಿ ಐದೂ ಸರಿಯಾಗಿ ಇವೆ, ಟೆಸ್ಟ್ ಪಾಸ್. ಆದರೆ ಬಟನ್ನಿನ ಲೈನ್ ಹೈಟ್ 1.2 ಇದ್ದು, ಹೊರಗೆ ಚೆಲ್ಲಿದ್ದನ್ನು ಕತ್ತರಿಸು ಅಂತ ಪುಟದ ಅಂದಚೆಂದ ಹೇಳುವ ಸಿಎಸ್‌ಎಸ್‌ನಲ್ಲಿ ಬರೆದಿದ್ದರೆ, ಕೆಳಗಿನ ದ-ಒತ್ತು ಕಾಣುವುದೇ ಇಲ್ಲ. ಪರದೆ ಮೇಲೆ "ರದು" ಅಂತ ಬರುತ್ತದೆ. "ಮೊತ್ತ" ಹೋಗಿ "ಮೊತ", "ಒಟ್ಟು" ಹೋಗಿ "ಒಟು". ವಿಳಾಸದಲ್ಲಿ "ರಾಷ್ಟ್ರೀಯ ಹೆದ್ದಾರಿ" ಅಂತ ಇದ್ದರಂತೂ ಷ-ಕ್ಕೆ ಎರಡೆರಡು ಒತ್ತು, ಕೇಳುವುದೇ ಬೇಡ. ಇದನ್ನು ಕಣ್ಣಲ್ಲೇ ನೋಡಬೇಕು, ಬೇರೆ ದಾರಿ ಇಲ್ಲ.

ಬ್ರೌಸರ್ ಟೆಸ್ಟ್ ಮಾಡುವ ಪ್ಲೇರೈಟ್ ಇದೆಯಲ್ಲ, ಅದರಲ್ಲೇ ಸ್ಕ್ರೀನ್‌ಶಾಟ್ ಬರುತ್ತಲ್ಲ ಅಂತ ನೀವು ಕೇಳಬಹುದು. ಬರುತ್ತದೆ, ಆದರೆ ಪುಟದ ಒಳಗಿನದು ಮಾತ್ರ. ನಮಗೆ ಮೇಲಿನ ಮೆನು, ಪ್ರಿಂಟ್ ಡೈಲಾಗ್, ಫೈಲ್ ಉಳಿಸುವ ಡೈಲಾಗ್ ಕೂಡ ಬೇಕಿತ್ತು. ಹಾಗಾಗಿ ಮ್ಯಾಕ್‌ನಲ್ಲಿ ಮೊದಲಿಂದಲೂ ಇರುವ 'ಸ್ಕ್ರೀನ್‌ಕ್ಯಾಪ್ಚರ್' ಅನ್ನುವ ಕಮಾಂಡಿಗೆ ಒಂದು ಶೆಲ್ ಸ್ಕ್ರಿಪ್ಟ್ ಹೊದಿಸಿದೆವು. ಕಿಟಕಿಗಳ ಪಟ್ಟಿ ತೆಗೆಯಲು ಪಕ್ಕದಲ್ಲೊಂದು ಪುಟ್ಟ ಪ್ರೋಗ್ರಾಂ, ಆ್ಯಪಲ್‌ನ ಸ್ವಿಫ್ಟ್ ಭಾಷೆಯಲ್ಲಿ. ಎರಡೂ ಸೇರಿ 'ನೋಟ' ಅಂತ ಹೆಸರಿಟ್ಟೆವು. ಟೂಲ್ ಅಷ್ಟೇ. ಒಂದು ಮಧ್ಯಾಹ್ನದ ಕೆಲಸ.

ಡಾಕ್ಯುಮೆಂಟ್ ಸರಿಯಾಗಲು ಹಿಡಿದದ್ದು ಆರು ವಾರ.

ಮೊದಲ ಡಾಕ್ಯುಮೆಂಟ್

ಮೊದಲ ಸಲ ಬರೆದದ್ದು ನಾವು ಮನುಷ್ಯರಿಗೆ ಬರೆಯುವ ಹಾಗೆಯೇ. ಟೂಲ್ ಏನು, ಇನ್‌ಸ್ಟಾಲ್ ಹೇಗೆ, ಆಮೇಲೆ ಆಯ್ಕೆಗಳ ಉದ್ದ ಪಟ್ಟಿ. ಹೈಫನ್ ಎಕ್ಸ್ ಹಾಕಿದರೆ ಕ್ಯಾಮೆರಾ ಸದ್ದು ಬರಲ್ಲ, ಹೈಫನ್ ಸಿ ಹಾಕಿದರೆ ಕ್ಲಿಪ್‌ಬೋರ್ಡಿಗೆ ಹೋಗುತ್ತದೆ, ದೊಡ್ಡ ಆರ್ ಹಾಕಿ ನಾಲ್ಕು ಸಂಖ್ಯೆ ಕೊಟ್ಟರೆ ಆ ಚೌಕ ಮಾತ್ರ, ಸಣ್ಣ ಎಲ್ ಹಾಕಿ ಕಿಟಕಿ ನಂಬರ್ ಕೊಟ್ಟರೆ ಆ ಕಿಟಕಿ ಮಾತ್ರ. ಎಲ್ಲ ಸರಿಯಾಗೇ ಇತ್ತು. ತಮಾಷೆ ಅಂದರೆ ಇದರಲ್ಲಿ ಮುಕ್ಕಾಲು ಭಾಗ ಏಜೆಂಟಿಗೆ ಆಗಲೇ ಗೊತ್ತು. ಸ್ಕ್ರೀನ್‌ಕ್ಯಾಪ್ಚರ್ ಹಳೇ ಕಮಾಂಡ್, ಅದರ ಬಗ್ಗೆ ಇಂಟರ್ನೆಟ್ ತುಂಬಾ ಬರೆದಿದ್ದಾರೆ, ಏಜೆಂಟಿನ ಹಿಂದಿರುವ ಎಐ ಮಾದರಿಗಳು (ಮಾಡೆಲ್) ಅದನ್ನೆಲ್ಲ ಓದಿಕೊಂಡೇ ಬಂದಿವೆ. ಗೊತ್ತಿರುವುದನ್ನೇ ಮತ್ತೆ ಹೇಳಿ, ಗೊತ್ತಿಲ್ಲದ್ದನ್ನು ಬಿಟ್ಟಿದ್ದೆ.

ಗೊತ್ತಿಲ್ಲದ್ದು ಯಾವುದು? ಈ ಟೂಲು ಕೆಟ್ಟಾಗ ಹೇಗೆ ಕಾಣುತ್ತದೆ ಅನ್ನುವುದು.

ಮೊದಲ ದಿನವೇ ಒಂದು ಸಣ್ಣ ಎಡವಟ್ಟು. ಏಜೆಂಟ್ ಟೂಲ್ ಓಡಿಸಿತು, ಫೈಲಿನ ಹೆಸರು ವಾಪಸ್ ಬಂತು, "ಸ್ಕ್ರೀನ್‌ಶಾಟ್ ತೆಗೆದೆ, ಬಟನ್ ಸರಿಯಾಗಿ ಕಾಣುತ್ತಿದೆ" ಅಂತ ಹೇಳಿಬಿಟ್ಟಿತು. ಲಾಗ್ ತೆಗೆದು ನೋಡಿದರೆ ಅದು ಚಿತ್ರದ ಫೈಲನ್ನು ತೆರೆದೇ ಇರಲಿಲ್ಲ! ಫೋಟೋ ತೆಗೆದು ನೋಡದೆ ಜೇಬಿಗೆ ಹಾಕಿಕೊಂಡ ಹಾಗೆ. ನನ್ನ ಡಾಕ್ಯುಮೆಂಟಿನಲ್ಲಿ "ಸ್ಕ್ರೀನ್‌ಶಾಟ್ ತೆಗೆದು ಪರೀಕ್ಷಿಸಿ" ಅಂತ ಇತ್ತು. ಮನುಷ್ಯರಿಗೆ ಅದು ಸಾಕು, ಚಿತ್ರ ತೆಗೆದ ಮೇಲೆ ಯಾರೂ ನೋಡದೆ ಇರಲ್ಲ. ಏಜೆಂಟಿಗೆ ತೆಗೆಯುವುದು ಒಂದು ಹೆಜ್ಜೆ, ಫೈಲ್ ತೆರೆದು ಓದುವುದು ಇನ್ನೊಂದು ಹೆಜ್ಜೆ, ನಡುವೆ ತಾನಾಗಿ ಏನೂ ಆಗುವುದಿಲ್ಲ. ಅದಕ್ಕೇ "ತೆಗೆದ ಮೇಲೆ ಆ ಫೈಲನ್ನು ತೆರೆದು ನೋಡು, ನೋಡದೆ ಏನೂ ಹೇಳಬೇಡ" ಅಂತ ಒಂದು ಸಾಲು ಸೇರಿಸಿದೆ. ಅದೇ ಸಾಲನ್ನು ಟೂಲಿನ ಉತ್ತರದಲ್ಲೂ ಹಾಕಿದೆ. ಈಗ ಫೈಲಿನ ಹೆಸರಿನ ಕೆಳಗೆ "ಇನ್ನೂ ನೋಡಿಲ್ಲ, ತೆರೆದು ನೋಡು" ಅಂತ ಪ್ರತಿ ಸಲ ಬರುತ್ತದೆ. ಅತಿ ಅನ್ನಿಸಬಹುದು, ಆದರೆ ಕೆಲಸ ಮಾಡಿತು.

ಹಸಿರು ಬೆಟ್ಟ

ಈಗ ಆ ಐದು ಕಿಟಕಿಯ ವಿಷಯಕ್ಕೆ ಬರೋಣ.

2019ರಲ್ಲಿ ಬಂದ ಮ್ಯಾಕ್ ಓಎಸ್ ಕ್ಯಾಟಲಿನಾದಿಂದ, ಪರದೆ ಹಿಡಿಯುವ ಯಾವ ಪ್ರೋಗ್ರಾಮಿಗೂ ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಬೇಕು. ಅನುಮತಿ ಹೋಗುವುದು ನಮ್ಮ ಸ್ಕ್ರಿಪ್ಟಿಗಲ್ಲ, ಅದನ್ನು ಓಡಿಸುತ್ತಿರುವ ಆ್ಯಪ್‌ಗೆ. ಟರ್ಮಿನಲ್‌ನಲ್ಲಿ ಓಡಿಸಿದರೆ ಟರ್ಮಿನಲ್‌ಗೆ, ಎಡಿಟರ್ ಒಳಗಿನ ಟರ್ಮಿನಲ್‌ನಲ್ಲಿ ಓಡಿಸಿದರೆ ಎಡಿಟರ್‌ಗೆ. ನಾನು ಟೆಸ್ಟ್ ಮಾಡಿದ್ದು ಟರ್ಮಿನಲ್‌ನಲ್ಲಿ. ಸಹೋದ್ಯೋಗಿ ಏಜೆಂಟನ್ನು ಓಡಿಸುತ್ತಿದ್ದದ್ದು ಎಡಿಟರ್ ಒಳಗೆ.

ಅನುಮತಿ ಇಲ್ಲದಿದ್ದರೆ ಏನಾಗಬೇಕು? ಎರರ್ ಬರಬೇಕು ಅಲ್ವಾ? ಅವರ ಮ್ಯಾಕ್‌ನಲ್ಲಿ ಬರಲಿಲ್ಲ. ಕಮಾಂಡ್ ಸಲೀಸಾಗಿ ಓಡಿತು, ಎಕ್ಸಿಟ್ ಕೋಡ್ ಸೊನ್ನೆ (ಅಂದರೆ ಎಲ್ಲ ಸರಿ ಅಂತ), ಪಿಎನ್‌ಜಿ ಫೈಲ್ ಬಂತು. ಚಿತ್ರದಲ್ಲಿ ಮೇಲಿನ ಮೆನು ಪಟ್ಟಿ ಇತ್ತು, ಅದರ ಕೆಳಗೆ ಅವರ ವಾಲ್‌ಪೇಪರ್ ಇತ್ತು, ಚಿಕ್ಕಮಗಳೂರು ಕಡೆ ಹೋದಾಗ ತೆಗೆದ ಹಸಿರು ಬೆಟ್ಟದ ಫೋಟೋ. ಬೇರೆ ಆ್ಯಪ್‌ಗಳ ಕಿಟಕಿಗಳನ್ನು ಮಾತ್ರ ಮ್ಯಾಕ್ ಸದ್ದಿಲ್ಲದೆ ತೆಗೆದುಹಾಕಿತ್ತು.

ಏಜೆಂಟ್ ಕಡೆಯಿಂದ ನೋಡಿ. ಆ್ಯಪ್ ಶುರು ಮಾಡಿದೆ, ಸ್ಕ್ರೀನ್‌ಶಾಟ್ ತೆಗೆದೆ, ಬರೀ ಬೆಟ್ಟ ಕಾಣುತ್ತಿದೆ. ಸರಿ, ಆ್ಯಪ್ ಶುರು ಆಗಿಲ್ಲ, ಮತ್ತೆ ಶುರು ಮಾಡೋಣ. ಮತ್ತೆ ಬೆಟ್ಟ. ಇನ್ನೊಮ್ಮೆ. ಬೆಟ್ಟ. ಐದನೇ ಸಲಕ್ಕೆ ಅದು ಬಹಳ ತರ್ಕಬದ್ಧವಾಗಿ "ಆ್ಯಪ್ ಶುರುವಾದ ತಕ್ಷಣ ಕ್ರ್ಯಾಶ್ ಆಗುತ್ತಿದೆ" ಅಂತ ತೀರ್ಮಾನಿಸಿ ರಿಪೇರಿಗೆ ಇಳಿಯಿತು. ಚಿತ್ರವನ್ನೇ ನಂಬಬಾರದು ಅಂತ ಅದಕ್ಕೆ ಯಾರೂ ಹೇಳಿರಲಿಲ್ಲ. ಮನುಷ್ಯನಿಗಾದರೆ ಕಣ್ಣೆದುರೇ ಕಿಟಕಿ ಇರುತ್ತದೆ, ಚಿತ್ರದಲ್ಲಿ ಇಲ್ಲ ಅಂದರೆ "ಇದೇನಪ್ಪಾ" ಅನ್ನಿಸುತ್ತದೆ. ಏಜೆಂಟಿಗೆ ಚಿತ್ರ ಬಿಟ್ಟರೆ ಬೇರೆ ಕಣ್ಣೇ ಇಲ್ಲ.

ನಾನು ಮೊದಲು ಮಾಡಿದ್ದು ಡಾಕ್ಯುಮೆಂಟಿನಲ್ಲಿ "ಅನುಮತಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ" ಅಂತ ಸೇರಿಸಿದ್ದು. ದಂಡದ ಸಾಲು. ಹೇಗೆ ಖಚಿತಪಡಿಸಿಕೊಳ್ಳಬೇಕು ಅಂತ ಅದರಲ್ಲಿ ಇಲ್ಲ, ಖಚಿತವಾಗದಿದ್ದರೆ ಏನು ಮಾಡಬೇಕು ಅಂತಲೂ ಇಲ್ಲ. ಎರಡನೇ ಸಲ ಬರೆದದ್ದು ಹೀಗಿತ್ತು (ಮೂಲ ಇಂಗ್ಲಿಷಿನಲ್ಲಿದೆ, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ):

"ಚಿತ್ರದಲ್ಲಿ ಮೆನು ಪಟ್ಟಿ ಮತ್ತು ವಾಲ್‌ಪೇಪರ್ ಮಾತ್ರ ಕಂಡರೆ ಆ್ಯಪ್ ಮುಚ್ಚಿದೆ ಎಂದು ತಿಳಿಯಬೇಡ. ಅನುಮತಿ ಇಲ್ಲದಿದ್ದರೂ ಚಿತ್ರ ಹೀಗೇ ಬರುತ್ತದೆ, ಎರರ್ ಬರುವುದಿಲ್ಲ. ಆ್ಯಪನ್ನು ಮತ್ತೆ ಶುರು ಮಾಡಬೇಡ. ಕೋಡ್ ಮುಟ್ಟಬೇಡ. ನಿಲ್ಲಿಸು, ನಿನ್ನನ್ನು ಓಡಿಸುತ್ತಿರುವ ಆ್ಯಪ್‌ಗೆ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೊಡಲು ಬಳಕೆದಾರರನ್ನು ಕೇಳು. ಅನುಮತಿ ಕೊಟ್ಟ ಮೇಲೆ ಆ ಆ್ಯಪನ್ನು ಪೂರ್ತಿ ಮುಚ್ಚಿ ತೆರೆಯಬೇಕು ಎಂದೂ ಹೇಳು."

ಇದು ಕೆಲಸ ಮಾಡಿತು. ಆಮೇಲೆ ನನಗೇ ನಾಚಿಕೆ ಆಯಿತು, ಇದನ್ನು ಡಾಕ್ಯುಮೆಂಟಿನಲ್ಲಿ ಯಾಕೆ ಬರೆಯಬೇಕು, ಟೂಲೇ ಹೇಳಬಹುದಲ್ಲ ಅಂತ. ಅನುಮತಿ ಇದೆಯೋ ಇಲ್ಲವೋ ಅಂತ ಸುಮ್ನೆ ಕೇಳಿ ನೋಡುವ ಒಂದು ಫಂಕ್ಷನ್ ಮ್ಯಾಕ್‌ನಲ್ಲೇ ಇದೆ, ಪಾಪ್-ಅಪ್ ತೋರಿಸದೆ ಹೌದು ಅಥವಾ ಇಲ್ಲ ಅನ್ನುತ್ತದೆ. ನಮ್ಮ ಸ್ವಿಫ್ಟ್ ಪ್ರೋಗ್ರಾಮಿಗೆ ಅದನ್ನು ಸೇರಿಸಿದೆವು. ಈಗ ಅನುಮತಿ ಇಲ್ಲದಿದ್ದರೆ 'ನೋಟ' ಚಿತ್ರ ತೆಗೆಯುವುದೇ ಇಲ್ಲ, ಮೇಲಿನ ಮಾತನ್ನೇ ಎರರ್ ಆಗಿ ಕೊಟ್ಟು ನಿಲ್ಲುತ್ತದೆ.

ಇಲ್ಲಿಂದ ನನ್ನ ಕೆಲಸದ ದಿಕ್ಕೇ ಬದಲಾಯಿತು. ಏಜೆಂಟ್ ಡಾಕ್ಯುಮೆಂಟನ್ನು ಕೆಲಸದ ಶುರುವಿನಲ್ಲಿ ಒಮ್ಮೆ ಓದುತ್ತದೆ, ಆಮೇಲೆ ನೂರು ಬೇರೆ ವಿಷಯ ಅದರ ಮುಂದೆ ಬಂದು ಹೋಗುತ್ತವೆ. ಎರರ್ ಮೆಸೇಜನ್ನು ಮಾತ್ರ ಬೇಕಾದ ಹೊತ್ತಿಗೇ ಓದುತ್ತದೆ. ಹಾಗಾಗಿ ಡಾಕ್ಯುಮೆಂಟಿನ ಅರ್ಧ ಭಾಗ ನಿಧಾನವಾಗಿ ಎರರ್ ಮೆಸೇಜುಗಳ ಒಳಗೆ ಹೋಯಿತು.

ಒಂದು ಸಾಲು ಮಾತ್ರ ಹಾಗೇ ಉಳಿಸಿಕೊಂಡೆವು. 2024ರಲ್ಲಿ ಬಂದ ಮ್ಯಾಕ್ ಓಎಸ್ ಸಿಕ್ವೊಯಾ, ಕೊಟ್ಟ ಅನುಮತಿಯನ್ನೇ ತಿಂಗಳಿಗೊಮ್ಮೆ "ಇನ್ನೂ ಬೇಕಾ" ಅಂತ ಕೇಳುತ್ತದೆ. ರಾತ್ರಿ ಏಜೆಂಟನ್ನು ಕೆಲಸಕ್ಕೆ ಹಚ್ಚಿ ಮಲಗಿದರೆ, ಆ ಪ್ರಶ್ನೆ ಬಂದಾಗ ಉತ್ತರಿಸಲು ಯಾರೂ ಇರುವುದಿಲ್ಲ. ಅದಕ್ಕೆ ನಮ್ಮ ಹತ್ತಿರ ಔಷಧಿ ಇಲ್ಲ. "ಹೀಗಾದರೆ ಕಾಯುತ್ತಾ ಕೂರಬೇಡ, ಚಿತ್ರ ಬೇಡದ ಕೆಲಸ ಮಾಡು" ಅಂತ ಬರೆದಿದ್ದೇವೆ ಅಷ್ಟೇ.

ಮೂರು ಮೊಳ

ಸಂತೆಯಲ್ಲಿ ಹೂವು ಮಾರುವವರ ಮೊಳ ಒಬ್ಬೊಬ್ಬರದು ಒಂದೊಂದು ಉದ್ದ. ಸ್ಕ್ರೀನ್‌ಶಾಟಿನಲ್ಲೂ ಅದೇ ಕತೆ.

ನಮ್ಮ 13 ಇಂಚಿನ ಮ್ಯಾಕ್‌ಬುಕ್ ಏರ್‌ನಲ್ಲಿ ಪರದೆ 1440 ಅಗಲ, 900 ಎತ್ತರ. ಇದು ಪಾಯಿಂಟ್ ಲೆಕ್ಕ, ಮೌಸ್ ಕ್ಲಿಕ್ ಆಗುವುದು, ಚೌಕ ಕೇಳುವುದು ಎಲ್ಲ ಈ ಮೊಳದಲ್ಲಿ. ಆದರೆ ರೆಟಿನಾ ಪರದೆ, ಆದ್ದರಿಂದ ಬರುವ ಚಿತ್ರ ಅದರ ಎರಡರಷ್ಟು: 2880 ಅಗಲ, 1800 ಎತ್ತರ. ಇದು ಎರಡನೇ ಮೊಳ, ಪಿಕ್ಸೆಲ್. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಮೊಳ ಎರಡೇ, ಅಲ್ಲಿಗೆ ಮುಗೀತು ಅಂದುಕೊಂಡೆ.

ಮುಗಿದಿರಲಿಲ್ಲ. ಒಂದು ವಿಚಿತ್ರ ನಡೆಯುತ್ತಿತ್ತು. ಪರದೆಯ ಎಡಗಡೆ ಇರುವ ಬಟನ್‌ಗಳನ್ನು ಏಜೆಂಟ್ ಸರಿಯಾಗಿ ಕ್ಲಿಕ್ ಮಾಡುತ್ತಿತ್ತು, ಬಲಗಡೆ ಇರುವುದನ್ನು ತಪ್ಪಿಸುತ್ತಿತ್ತು. ಎಡಕ್ಕೆ ಸರಿ, ಬಲಕ್ಕೆ ತಪ್ಪು. ಎರಡು ದಿನ ತಲೆ ಕೆಡಿಸಿಕೊಂಡೆವು, ಬಲಗಡೆಯ ಪ್ಯಾನಲ್ ಕೋಡಿನಲ್ಲೇ ಏನೋ ಇದೆ ಅಂತ ಅದನ್ನೂ ಬಿಚ್ಚಿ ನೋಡಿದೆವು.

ಕಾರಣ ಮೂರನೇ ಮೊಳ. ನಾವು ಬಳಸುತ್ತಿದ್ದದ್ದು ಆಂಥ್ರೊಪಿಕ್ ಅನ್ನುವ ಎಐ ಕಂಪನಿಯ ಮಾದರಿ. ಅವರ ಆಗಿನ ಡಾಕ್ಯುಮೆಂಟಿನಲ್ಲಿ ಎರಡು ಮಿತಿ ಇದ್ದವು: ಚಿತ್ರದ ಉದ್ದದ ಬದಿ 1568 ಪಿಕ್ಸೆಲ್ ದಾಟಿದರೆ, ಅಥವಾ ಚಿತ್ರ ಸುಮಾರು 1600 ಟೋಕನ್ (ಮಾದರಿಗೆ ಕೊಟ್ಟದ್ದನ್ನು ಅಳೆಯುವ ಘಟಕ) ದಾಟಿದರೆ, ಮಾದರಿಗೆ ಕೊಡುವ ಮೊದಲೇ ಕುಗ್ಗಿಸಲಾಗುತ್ತದೆ. ಟೋಕನ್ ಲೆಕ್ಕ ಅಗಲ ಗುಣಿಸು ಎತ್ತರ, ಭಾಗಿಸು 750. ನಮ್ಮ ಪೂರ್ತಿ ಪರದೆಯ ಚಿತ್ರ ಎರಡೂ ಮಿತಿ ದಾಟುತ್ತದೆ. ಲೆಕ್ಕ ಹಾಕಿದರೆ ಮಾದರಿಯ ಕಣ್ಣಿಗೆ ಬೀಳುವ ಚಿತ್ರದ ಅಗಲ 1385ರ ಆಸುಪಾಸು. ಪಾಯಿಂಟ್ ಮೊಳ 1440, ಮಾದರಿಯ ಮೊಳ 1385. ಹತ್ತಿರ ಹತ್ತಿರ, ಆದರೆ ಒಂದೇ ಅಲ್ಲ. ಎಡ ತುದಿಯಲ್ಲಿ ವ್ಯತ್ಯಾಸ ಸೊನ್ನೆ, ಬಲ ತುದಿಗೆ ಹೋಗುವಷ್ಟರಲ್ಲಿ 55 ಪಾಯಿಂಟ್. ಒಂದು ಬಟನ್ ತಪ್ಪಿಸಲು ಅಷ್ಟು ಸಾಕು. ವ್ಯತ್ಯಾಸ ಇನ್ನೂ ದೊಡ್ಡದಿದ್ದಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಚಿಕ್ಕದಾಗಿದ್ದಕ್ಕೇ ಎರಡು ದಿನ ತಿಂದಿತು.

ಇದನ್ನು ಏಜೆಂಟಿಗೆ ವಿವರಿಸಿ ಹೇಳಲು ನೋಡಿದೆ. ಒಂದು ಪ್ಯಾರಾ ಬರೆದೆ, ಸೂತ್ರ ಕೊಟ್ಟೆ, ಉದಾಹರಣೆ ಕೊಟ್ಟೆ. ಅರ್ಧ ಸಲ ಸರಿಯಾಗಿ ಲೆಕ್ಕ ಹಾಕುತ್ತಿತ್ತು, ಅರ್ಧ ಸಲ ಎರಡು ಸಲ ಭಾಗಿಸುತ್ತಿತ್ತು. ಕೊನೆಗೆ ವಿವರಣೆಯನ್ನೇ ತೆಗೆದು ಟೂಲನ್ನು ಬದಲಾಯಿಸಿದೆವು. ಆ್ಯಪ್ ಕಿಟಕಿಯನ್ನು 1280 ಗುಣಿಸು 800 ಪಾಯಿಂಟಿಗೆ ಕೂರಿಸುತ್ತೇವೆ, ಆ ಕಿಟಕಿಯನ್ನು ಮಾತ್ರ ಹಿಡಿಯುತ್ತೇವೆ, ಮ್ಯಾಕ್‌ನಲ್ಲೇ ಇರುವ 'ಸಿಪ್ಸ್' ಕಮಾಂಡಿನಿಂದ ಚಿತ್ರವನ್ನೂ 1280ಕ್ಕೆ ಇಳಿಸುತ್ತೇವೆ. ಟೋಕನ್ ಲೆಕ್ಕ ಹಾಕಿದರೆ 1365, ಮಿತಿಯ ಒಳಗೇ ಇದೆ, ಯಾರೂ ಕುಗ್ಗಿಸುವುದಿಲ್ಲ. ಈಗ ಮೂರೂ ಮೊಳ ಒಂದೇ. ಡಾಕ್ಯುಮೆಂಟಿನಲ್ಲಿ ಪ್ಯಾರಾ ಇದ್ದ ಜಾಗದಲ್ಲಿ ಒಂದೇ ಸಾಲು: "ಚಿತ್ರದಲ್ಲಿ ಎಲ್ಲಿ ಕಾಣುತ್ತದೋ ಅಲ್ಲೇ ಕ್ಲಿಕ್ ಮಾಡು."

ಇದರಲ್ಲೂ ಒಂದು ಬಾಲ ಉಳಿದಿತ್ತು. ಕಿಟಕಿ ಮಾತ್ರ ಹಿಡಿದರೆ ಮ್ಯಾಕ್ ಅದರ ಸುತ್ತಲಿನ ನೆರಳನ್ನೂ ಸೇರಿಸಿ ಕೊಡುತ್ತದೆ. ನೋಡಲು ಚೆಂದ, ಆದರೆ ನಾಲ್ಕೂ ಕಡೆ ಅಂಚು ಬೆಳೆದು ಲೆಕ್ಕ ಎಲ್ಲ ಪಕ್ಕಕ್ಕೆ ಜರುಗುತ್ತದೆ. ಸಣ್ಣ ಓ ಆಯ್ಕೆ ಹಾಕಿದರೆ ನೆರಳು ಹೋಗುತ್ತದೆ. ಅದನ್ನು ಏಜೆಂಟಿಗೆ ಹೇಳಲೇ ಇಲ್ಲ, ಸ್ಕ್ರಿಪ್ಟಿನೊಳಗೆ ಹಾಕಿ ಮುಚ್ಚಿಬಿಟ್ಟೆವು.

ದೂರದ ಬೆಟ್ಟ

ಚಿತ್ರ ಕುಗ್ಗಿಸಿದ ಮೇಲೆ ಹೊಸ ಪೇಚಾಟ. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹಾಗೆ. 1280ರ ಚಿತ್ರದಲ್ಲಿ ಎಲ್ಲ ಬಟನ್ನೂ ಚೆನ್ನಾಗೇ ಕಾಣುತ್ತವೆ. ಒತ್ತಕ್ಷರ ನಾಲ್ಕೈದು ಪಿಕ್ಸೆಲ್‌ನ ಮಸಿ ಚುಕ್ಕೆ ಆಗಿರುತ್ತದೆ. ಇದೆಯೋ ಕತ್ತರಿಸಿ ಹೋಗಿದೆಯೋ ಮನುಷ್ಯರಿಗೇ ಗೊತ್ತಾಗಲ್ಲ.

ಪರೀಕ್ಷೆ ಮಾಡಲು ಬೇಕಂತಲೇ ಕೆಟ್ಟ ಪರದೆಯೊಂದನ್ನು ಮಾಡಿದೆವು. ಬಟನ್ನಿನ ಮೇಲೆ ನಿಜವಾಗಿಯೂ "ರದು" ಅಂತಲೇ ಬರೆದೆವು, ಒತ್ತೇ ಇಲ್ಲದೆ. "ಈ ಬಟನ್ನಿನ ಮೇಲೆ ಏನಿದೆ?" ಅಂತ ಕೇಳಿದರೆ ಏಜೆಂಟ್ ಹೇಳಿದ್ದು "ರದ್ದು". ಪಕ್ಕದಲ್ಲಿ "ಉಳಿಸು" ಇದೆ, ಮೇಲೆ "ಬಿಲ್" ಅಂತಿದೆ, ಇಂಥ ಜಾಗದಲ್ಲಿ ಬರುವ ಪದ "ರದ್ದು" ಅಂತ ಅದಕ್ಕೆ ಗೊತ್ತು, ಹಾಗಾಗಿ ಕಂಡದ್ದನ್ನು ಬಿಟ್ಟು ಇರಬೇಕಾದದ್ದನ್ನು ಓದಿತು. ನಾವೂ ಪ್ರೂಫ್ ನೋಡುವಾಗ ಇದೇ ತಪ್ಪು ಮಾಡುತ್ತೇವೆ, ಅದನ್ನು ಬೈಯುವ ಹಾಗಿಲ್ಲ.

"ಕನ್ನಡ ಅಕ್ಷರಗಳು ಸರಿಯಾಗಿವೆಯೇ ನೋಡು" ಅನ್ನುವ ನನ್ನ ಸಾಲು ಇಲ್ಲಿ ಪೂರ್ತಿ ವ್ಯರ್ಥ. ಓದು ಅಂದರೆ ಅದು ಓದುತ್ತದೆ, ಓದುವಾಗ ಊಹಿಸುತ್ತದೆ. ಓದಬೇಡ ಅಂತ ಹೇಳಬೇಕಿತ್ತು. ಹೀಗೆ ಬದಲಾಯಿಸಿದೆ:

"ಪದ ಓದಬೇಡ, ಆಕಾರ ನೋಡು. ಸಂಶಯ ಇರುವ ಬಟನ್ನಿನ ಚೌಕವನ್ನು 'ಹತ್ತಿರ' ಆಯ್ಕೆಯಲ್ಲಿ ತೆಗೆ. ಅಕ್ಷರದ ಕೆಳಭಾಗ ಮತ್ತು ಬಟನ್ನಿನ ಕೆಳಗಿನ ಗೆರೆ, ಇವೆರಡರ ನಡುವೆ ಖಾಲಿ ಜಾಗ ಇದೆಯೇ? ಅಕ್ಷರ ಗೆರೆಗೆ ತಾಗಿದೆಯೇ? ಸಮತಟ್ಟಾಗಿ ಕತ್ತರಿಸಿದ ಹಾಗೆ ಕಾಣುತ್ತದೆಯೇ? ಈ ಮೂರಕ್ಕೆ ಉತ್ತರ ಬರೆ. ಆಮೇಲೆ ನಮೂನೆ ಚಿತ್ರದ ಜೊತೆ ಹೋಲಿಸು."

'ಹತ್ತಿರ' ಆಯ್ಕೆ ಕುಗ್ಗಿಸದ ಮೂಲ ಪಿಕ್ಸೆಲ್‌ನಿಂದ ಆ ಚೌಕವನ್ನು ಕತ್ತರಿಸಿ, ಮೂರರಷ್ಟು ದೊಡ್ಡದು ಮಾಡಿ ಕೊಡುತ್ತದೆ. ದೊಡ್ಡದು ಮಾಡಿದ್ದಕ್ಕೆ ಕಾರಣ ಇದೆ: ಚಿತ್ರದ ಯಾವುದೇ ಬದಿ 200 ಪಿಕ್ಸೆಲ್‌ಗಿಂತ ಚಿಕ್ಕದಾದರೆ ಮಾದರಿ ತಪ್ಪು ನೋಡಬಹುದು ಅಂತ ಅದೇ ಆಂಥ್ರೊಪಿಕ್ ಡಾಕ್ಯುಮೆಂಟಿನಲ್ಲಿತ್ತು, ನಮ್ಮ ಬಟನ್ ಅದಕ್ಕಿಂತ ಚಿಕ್ಕದು. ನಮೂನೆ ಚಿತ್ರಗಳು ಅಂದರೆ ನಮ್ಮ ಟೆಸ್ಟರ್ ಮೇಡಂ ಕೂತು ಆರಿಸಿದ ಹನ್ನೆರಡು ಪದಗಳ ಸರಿಯಾದ ಚಿತ್ರ. ಅದರಲ್ಲಿ "ರದ್ದು", "ಮೊತ್ತ", "ಒಟ್ಟು", "ರಾಷ್ಟ್ರೀಯ" ಎಲ್ಲ ಇವೆ. ಇಷ್ಟಾದ ಮೇಲೆ ಬೇಕಂತ ಮಾಡಿದ ಕೆಟ್ಟ ಪರದೆ ಸಿಕ್ಕಿಬಿತ್ತು. ಅದರ ಜೊತೆಗೆ, ನಮಗೇ ಗೊತ್ತಿಲ್ಲದ ಒಂದು ನಿಜವಾದ ತಪ್ಪೂ ಸಿಕ್ಕಿತು. ಪ್ರಿಂಟ್ ಡೈಲಾಗಿಗೆ ಹೋಗುವ ಮುನ್ನಿನ ಪುಟದಲ್ಲಿ "ಒಟ್ಟು" ಅರ್ಧ ಕತ್ತರಿಸಿ ಎಷ್ಟು ತಿಂಗಳಿಂದ ಇತ್ತೋ ಏನೋ, ಯಾವ ಅಂಗಡಿಯವರೂ ಹೇಳಿರಲಿಲ್ಲ.

ಜಾತಕ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಸಂಬಂಧಪಟ್ಟವನು ಇನ್ನೂ ನಮ್ಮ ಜೊತೆಗೇ ಕೆಲಸ ಮಾಡುತ್ತಾನೆ.

ಪೂರ್ತಿ ಪರದೆ ಹಿಡಿಯುವುದು ಡೀಫಾಲ್ಟ್ ಆಗಿದ್ದ ಕಾಲ. ಏಜೆಂಟ್ ಚಿತ್ರ ತೆಗೆಯುವ ಹೊತ್ತಿಗೆ ಸರಿಯಾಗಿ ಮೂಲೆಯಲ್ಲಿ ಅವನ ಅಮ್ಮನ ಮೆಸೇಜ್ ಬಂತು: "ಹುಡುಗಿ ಮನೆಯವರು ಜಾತಕ ಕೇಳ್ತಿದಾರೆ, ಕಳಿಸ್ಲಾ ಮಗಾ?" ಏಜೆಂಟ್ ಚಿತ್ರವನ್ನು ಪ್ರಾಜೆಕ್ಟ್ ಫೋಲ್ಡರಿನಲ್ಲೇ ಉಳಿಸಿತು, ಎಲ್ಲ ಫೈಲನ್ನೂ ಕೋಡಿನ ಇತಿಹಾಸ ಇಟ್ಟುಕೊಳ್ಳುವ ಗಿಟ್‌ಗೆ ಸೇರಿಸಿತು, ಬದಲಾವಣೆ ನೋಡಿ ಒಪ್ಪಿ ಅಂತ ತಂಡವನ್ನು ಕೇಳುವ ಪುಲ್ ರಿಕ್ವೆಸ್ಟ್ ತೆರೆಯಿತು. ರಿವ್ಯೂ ಮಾಡಿದ ಮೊದಲನೆಯವನ ಕಾಮೆಂಟ್: "ಗುರು, ಕಳಿಸು ಅನ್ನು."

ನಕ್ಕೆವು ಅನ್ನುವುದು ನಿಜ, ಆದರೆ ಅದೇ ಜಾಗದಲ್ಲಿ ಬ್ಯಾಂಕಿನ ಓಟಿಪಿ ಇರಬಹುದಿತ್ತು, ಅಂಗಡಿಯವರ ಸಾಲದ ಲೆಕ್ಕ ಇರಬಹುದಿತ್ತು. ಫೈಲ್ ಅಳಿಸಿದರೂ ಗಿಟ್‌ನ ಇತಿಹಾಸದಲ್ಲಿ ಉಳಿಯುತ್ತದೆ, ಅದನ್ನು ತೆಗೆಯಲು ಒಂದು ಸಂಜೆ ಹೋಯಿತು.

ಡಾಕ್ಯುಮೆಂಟಿನಲ್ಲಿ "ಖಾಸಗಿ ವಿಷಯ ಇದ್ದರೆ ಸೇರಿಸಬೇಡ" ಅಂತ ಬರೆದರೆ ಸಾಕೇ ಅಂತ ಚರ್ಚೆ ಆಯಿತು. ನನ್ನ ಅಭಿಪ್ರಾಯ ಸಾಕಾಗಲ್ಲ. ಬಾಗಿಲು ತೆರೆದಿಟ್ಟು ಒಳಗೆ ಬರಬೇಡಿ ಅಂತ ಬೋರ್ಡ್ ಹಾಕುವ ಬದಲು ಬಾಗಿಲೇ ಹಾಕಿದರಾಯಿತು. ಈಗ 'ನೋಟ' ನಮ್ಮ ಆ್ಯಪ್‌ನ ಕಿಟಕಿ ಬಿಟ್ಟು ಬೇರೆ ಏನನ್ನೂ ಹಿಡಿಯುವುದಿಲ್ಲ. ಮೆನು ಮಾತ್ರ ಪ್ರತ್ಯೇಕ ಕಿಟಕಿ ಆಗಿರುವುದರಿಂದ ಅದಕ್ಕೆ ಚೌಕ ಹಿಡಿಯುವ ಆಯ್ಕೆ ಉಂಟು, ಅದೂ ಆ್ಯಪ್ ಮುಂದಿದ್ದಾಗ ಮಾತ್ರ. ಪೂರ್ತಿ ಪರದೆ ಬೇಕೆಂದರೆ ಮನುಷ್ಯರು ಕೈಯಾರೆ ತೆಗೆದುಕೊಡಬೇಕು. ಚಿತ್ರಗಳು ಹೋಗುವುದು ತಾತ್ಕಾಲಿಕ ಫೋಲ್ಡರಿಗೆ, ಪ್ರಾಜೆಕ್ಟಿನ ಹೊರಗೆ.

ಕೈಯಾರೆ ಕೊಡುವುದರಲ್ಲೂ ಒಂದು ತಮಾಷೆ ಇದೆ. ಮ್ಯಾಕ್ ತಾನೇ ಹೆಸರಿಡುವ ಸ್ಕ್ರೀನ್‌ಶಾಟ್ ಫೈಲಿನಲ್ಲಿ, ಗಂಟೆ ಆದ ಮೇಲೆ ಎಎಂ-ಪಿಎಂಗೆ ಮುಂಚೆ ಒಂದು ಖಾಲಿ ಜಾಗ ಇರುತ್ತದೆ. ಇತ್ತೀಚಿನ ಆವೃತ್ತಿಗಳಲ್ಲಿ ಅದು ಮಾಮೂಲಿ ಸ್ಪೇಸ್ ಅಲ್ಲ, ಯೂನಿಕೋಡ್‌ನ ಇನ್ನೊಂದು ಕಿರಿದಾದ ಸ್ಪೇಸ್. ಕಣ್ಣಿಗೆ ಒಂದೇ ಥರ. ಏಜೆಂಟ್ ಹೆಸರನ್ನು ತಾನೇ ಟೈಪ್ ಮಾಡಿದರೆ "ಫೈಲ್ ಇಲ್ಲ" ಅಂತ ಬರುತ್ತದೆ, ಫೈಲ್ ಎದುರಿಗೇ ಕೂತಿರುತ್ತದೆ. ಈ ಒಂದು ಸಂಗತಿಗೆ ಡಾಕ್ಯುಮೆಂಟಿನಲ್ಲಿ ಒಂದು ಸಾಲು ಕೊಟ್ಟಿದ್ದೇವೆ: ಹೆಸರು ಟೈಪ್ ಮಾಡಬೇಡ, ಫೋಲ್ಡರಿನಲ್ಲಿ ಇತ್ತೀಚಿನ ಫೈಲ್ ಯಾವುದು ನೋಡಿ ಅದನ್ನು ತೆರೆ. ನೂರಕ್ಕೆ ನೂರು ಉಪಯೋಗ ಬಂದ ಸಾಲು.

ಈಗ ಉಳಿದಿರುವುದು

ಮೊದಲು ಏಳು ಪುಟ ಇತ್ತು, ಈಗ ಒಂದೂವರೆ. ಇದನ್ನು 'ಸ್ಕಿಲ್' ಅಂತ ಕರೆಯುವ ರೂಪದಲ್ಲಿ ಇಟ್ಟಿದ್ದೇವೆ. ಅದರಲ್ಲಿ ಹೆಸರು ಮತ್ತು ಎರಡು ಸಾಲಿನ ವಿವರಣೆ ಮಾತ್ರ ಏಜೆಂಟಿನ ಮುಂದೆ ಯಾವಾಗಲೂ ಇರುತ್ತದೆ, ಉಳಿದದ್ದನ್ನು ಬೇಕಾದಾಗ ತೆರೆದು ಓದುತ್ತದೆ. ಆ ಎರಡು ಸಾಲಿಗೇ ಜಾಸ್ತಿ ಹೊತ್ತು ಹಿಡಿಯಿತು. "ಸ್ಕ್ರೀನ್ ಕ್ಯಾಪ್ಚರ್ ಸಾಧನ" ಅಂತ ಬರೆದಾಗ ಏಜೆಂಟ್ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಯಾರೂ ಅದಕ್ಕೆ "ಸ್ಕ್ರೀನ್ ಕ್ಯಾಪ್ಚರ್ ಮಾಡು" ಅಂತ ಹೇಳುವುದಿಲ್ಲ ನೋಡಿ, "ಬಟನ್ ಕತ್ತರಿಸಿದೆ, ಸರಿ ಮಾಡು" ಅಂತಾರೆ. ಹಾಗಾಗಿ "ಅಕ್ಷರ ಕತ್ತರಿಸಿದೆ, ಒತ್ತು ಕಾಣುತ್ತಿಲ್ಲ, ಬಟನ್ ಜರುಗಿದೆ, ಪ್ರಿಂಟ್ ಸರಿ ಬರುತ್ತಿಲ್ಲ ಎಂದು ಯಾರಾದರೂ ಹೇಳಿದಾಗ, ಮತ್ತು ಸಿಎಸ್‌ಎಸ್ ಬದಲಾಯಿಸಿದ ಪ್ರತಿ ಸಲ" ಅಂತ ಬರೆದ ಮೇಲೆ ತಾನಾಗೇ ಬಳಸತೊಡಗಿತು.

ಎಂಸಿಪಿ ಸರ್ವರ್ (ಏಜೆಂಟಿಗೆ ಟೂಲ್ ಜೋಡಿಸುವ ಇನ್ನೊಂದು ವಿಧಾನ) ಮಾಡೋಣ ಅಂತಲೂ ಒಬ್ಬರು ಹೇಳಿದರು. ಚಿತ್ರವನ್ನು ನೇರ ಮಾದರಿಗೆ ಕೊಡಬಹುದು, "ತೆರೆದು ನೋಡು" ಅಂತ ಗೋಗರೆಯುವುದು ತಪ್ಪುತ್ತದೆ. ಆದರೆ ಅಲ್ಲಿ ಚಿತ್ರ ಬೇಸ್64 ಅನ್ನುವ ಪಠ್ಯ ರೂಪಕ್ಕೆ ಬದಲಾಗಿ ಹೋಗಬೇಕು, ಮೂರು ಬೈಟಿಗೆ ನಾಲ್ಕು ಆಗುತ್ತದೆ, ಜೊತೆಗೆ ಇನ್ನೊಂದು ಪ್ರೋಗ್ರಾಂ ಸದಾ ಓಡುತ್ತಿರಬೇಕು. ನಮ್ಮ ಐದು ಜನಕ್ಕೆ ಸ್ಕ್ರಿಪ್ಟೇ ಸಾಕು.

ಪ್ರತಿ ಬದಲಾವಣೆಯ ನಂತರ ಪರೀಕ್ಷೆ ಒಂದೇ. ಹೊಸ ಸೆಶನ್ ತೆರೆದು, ಹಿಂದಿನ ಮಾತು ಏನೂ ಇಲ್ಲದೆ, ಆ ಕೆಟ್ಟ "ರದು" ಪರದೆಯನ್ನು ಕೊಟ್ಟು ಸುಮ್ಮನೆ ಕೂರುವುದು. ಎಡವಿದರೆ ಎಲ್ಲಿ ಎಡವಿತು ನೋಡುವುದು. ಒಂದು ಸಾಲು ತೆಗೆದರೂ ಏನೂ ಕೆಡಲಿಲ್ಲ ಅಂದರೆ ಆ ಸಾಲು ಹೋಗುತ್ತದೆ. ಆಯ್ಕೆಗಳ ಪಟ್ಟಿ ಹೀಗೇ ಹೋಯಿತು, ಪೂರ್ತಿ.

ಬೆಟ್ಟದ ಸಾಲು ಮಾತ್ರ ಹೋಗಿಲ್ಲ. ಟೂಲೇ ಈಗ ಅನುಮತಿ ನೋಡಿಕೊಳ್ಳುತ್ತದೆ, ಸಾಲು ಬೇಕಿಲ್ಲ, ಆದರೂ ತೆಗೆಯಲು ಆ ಸಹೋದ್ಯೋಗಿ ಬಿಡುತ್ತಿಲ್ಲ. "ಇರ್ಲಿ ಬಿಡಿ ಸರ್, ನನ್ನ ಬೆಟ್ಟ ಅದು" ಅಂತಾರೆ.

ಮುಂದಿನ ತಿಂಗಳು ವಿಂಡೋಸ್‌ಗೆ 'ನೋಟ' ತರಬೇಕು, ಅಂಗಡಿಯವರು ನೋಡುವುದು ಅದನ್ನೇ ಅಲ್ವಾ. ಅಲ್ಲಿ ಮ್ಯಾಕ್‌ನ ಥರ ಅನುಮತಿ ಕಾಟ ಇಲ್ಲ. ಆದರೆ ಡಿಸ್‌ಪ್ಲೇ ಸ್ಕೇಲಿಂಗ್ ಇದೆ, ಒಂದು ಅಂಗಡಿಯಲ್ಲಿ 100, ಇನ್ನೊಂದರಲ್ಲಿ 125, ಮತ್ತೊಂದರಲ್ಲಿ 150 ಪರ್ಸೆಂಟ್. ನಾಲ್ಕನೇ ಮೊಳ.